ಕೈತುತ್ತಿನ ಕಾಟ

ಇಂಗ್ಲೆಂಡಿಗೆ ಹೊರಟವರನ್ನು ಹೆದರಿಸುವುದಕ್ಕೆ ನಮ್ಮಲ್ಲಿ ಜನರಿಗೇನೂ ಬರವಿಲ್ಲ. ಚಳಿಗೆ ಕಿವಿ ಉದುರಿಹೋಗುತ್ತದೆ ಎಂದವರಿದ್ದರು. ತಿಂಗಳುಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ ಎಂದವರಿದ್ದರು. ಅಲ್ಲಿ ಒಳ್ಳೆಯ ತೊಗರಿಬೇಳೆ ಸಿಗದೆ ಸೊರಗಿಹೋಗುತ್ತೀಯ ಎಂದು ಕಣ್ಣೀರು ಹಾಕಿದ ಅತ್ತೆಯವರೂ ಇದ್ದರು. ಆದರೆ ಲೀಡ್ಸಿನಲ್ಲಿ ನಾನು ನಿಜವಾಗಿ ಹೆದರಿದ್ದು ಒಂದೇ ಒಂದಕ್ಕೆ: ನಮ್ಮ ಪಕ್ಕದ ಮನೆಯಾಕೆಯ ಬಲಗೈಗೆ! ಆ ಕೈ ಯಾವಾಗ ಬಂದು ಬಾಯಿಗೆ ಏನು ತುರುಕುತ್ತದೋ ಹೇಳುವಂತಿರಲಿಲ್ಲ.

ಆಕೆ ಇಥಿಯೋಪಿಯಾದವಳು. ನಮ್ಮದು ಕೆಂಪು ಇಟ್ಟಿಗೆಯ ಸಾಲುಮನೆ. ನಮ್ಮ ಗೋಡೆಯೇ ಅವಳ ಗೋಡೆ. ವಯಸ್ಸು ಐವತ್ತರ ಆಸುಪಾಸು, ಒಬ್ಬಳೇ ವಾಸ, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ. ಹಗಲೆಲ್ಲ ಕೈಗವಸು ಹಾಕಿಕೊಂಡು ಯಾರನ್ನೂ ಮುಟ್ಟದೆ ದುಡಿಯುವುದರ ಸೇಡನ್ನು ಸಂಜೆ ನಮ್ಮ ಮೇಲೆ ತೀರಿಸಿಕೊಳ್ಳುತ್ತಿದ್ದಳೋ ಏನೋ! ಪರಿಚಯವಾದ ವಾರದಲ್ಲೇ ನಾನು ಅವಳನ್ನು 'ಅಕ್ಕ' ಎಂದು ಕರೆದೆ. ಅರ್ಥ ಕೇಳಿ ತಿಳಿದುಕೊಂಡು, ಒಪ್ಪಿಗೆಯಾಗಿದೆ ಎಂಬಂತೆ ತಲೆಯಾಡಿಸಿದಳು. ನಾನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಯಾರೂ ಮೂಗು ಮುರಿಯಬೇಡಿ. ಅಕ್ಕನಿಗೆ ಬಹುವಚನ ಹಚ್ಚಿದರೆ ಅಕ್ಕ ದೂರವಾಗಿಬಿಡುತ್ತಾಳೆ.

ಪರಿಚಯವಾದದ್ದು ಹೊಗೆಯಿಂದ. ನಾವು ಆ ಮನೆಗೆ ಬಂದ ಹೊಸತು. ಒಂದು ಭಾನುವಾರ ಗೋಡೆಯಾಚೆ ಸ್ಮೋಕ್ ಅಲಾರಂ ಕಿರುಚಿಕೊಳ್ಳತೊಡಗಿತು, ಜೊತೆಗೆ ಸುಟ್ಟ ವಾಸನೆ. "ಬೆಂಕಿ ಬಿದ್ದಿದೆ ಕಣೇ!" ಎಂದು ನಮ್ಮವರು ಪಾಸ್‌ಪೋರ್ಟುಗಳನ್ನು ಹಿಡಿದು ಓಡಿದರು. ನಾನು ಅಮ್ಮ ಕೊಟ್ಟಿದ್ದ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ ಹಿಡಿದು ಓಡಿದೆ. ಯಾರಿಗೆ ಯಾವುದು ಮುಖ್ಯವೋ ಅದು! ಪಕ್ಕದ ಮನೆಯ ಬಾಗಿಲು ಬಡಿದರೆ, ಹೊಗೆಯಾಡುವ ಬಾಣಲೆಯನ್ನು ಕೈಯಲ್ಲೇ ಹಿಡಿದುಕೊಂಡು ಒಬ್ಬ ಹೆಂಗಸು ಬಾಗಿಲು ತೆರೆದಳು.

"ಬೆಂಕಿ?" ಎಂದರು ನಮ್ಮವರು.

"ಕಾಫಿ," ಎಂದಳು ಆಕೆ. ಬಾಣಲೆಯ ಹೊಗೆಯನ್ನು ಅಂಗೈಯಿಂದ ನಮ್ಮ ಮುಖಕ್ಕೆ ಬೀಸಿ, "ಹೇಗಿದೆ ಘಮ? ಸರಿಯಾದ ಹೊತ್ತಿಗೆ ಬಂದಿರಿ. ಕೂತ್ಕೊಳ್ಳಿ," ಎಂದಳು.

ಕೂತೆವು. ಕಾಫಿಯೆಂದರೆ ನಮಗೇನು ಹೊಸದೇ? ಫಿಲ್ಟರಿನಿಂದ ಡಿಕಾಕ್ಷನ್ ಇಳಿಸಿ ಲೋಟಕ್ಕೆ ಹಾಕಿದರೆ ಮುಗಿಯಿತು. ಇಲ್ಲಿ ಹಾಗಲ್ಲ. ಬೀಜ ಹುರಿದಾಯಿತು, ಕುಟ್ಟಿಯಾಯಿತು, ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿಯಾಯಿತು. ಪಕ್ಕದಲ್ಲಿ ಕೆಂಡದ ಮೇಲೆ ಸಾಂಬ್ರಾಣಿಯಂಥದ್ದೇನೋ ಹಾಕಿದಳು. ಅಲಾರಂ ಇನ್ನೊಂದು ಸಲ ಕಿರುಚಿತು. ತಟ್ಟೆ ತುಂಬ ಪಾಪ್‌ಕಾರ್ನ್ ಬಂತು. ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಕಾಫಿ ಕುಡಿದು, "ಬರ್ತೀವಿ" ಎಂದು ಎದ್ದರೆ ನನ್ನ ಭುಜ ಒತ್ತಿ ಕೂರಿಸಿದಳು. ಅದೇ ಪುಡಿಗೆ ಮತ್ತೆ ನೀರು ಹಾಕಿ ಎರಡನೆಯ ಸುತ್ತು. ಮತ್ತೆ ಎದ್ದೆವು, ಮತ್ತೆ ಕೂರಿಸಿದಳು.

"ಮೂರನೆಯದರಲ್ಲೇ ಆಶೀರ್ವಾದ ಇರೋದು. ಅದಕ್ಕೆ ಮುಂಚೆ ಎದ್ದು ಹೋದರೆ ಬರೀ ಕಾಫಿ ಕುಡಿದ ಹಾಗಾಗುತ್ತೆ."

ಬರೀ ಕಾಫಿ ಕುಡಿಯುವುದಕ್ಕಲ್ಲದೆ ಇನ್ಯಾತಕ್ಕೆ ಜನ ಕಾಫಿ ಕುಡಿಯುತ್ತಾರೆ? ಕೇಳುವ ಧೈರ್ಯವಾಗಲಿಲ್ಲ. ಮೂರನೆಯ ಸುತ್ತು ನಾನು ಓದುವಾಗ ಇದ್ದ ಹಾಸ್ಟೆಲಿನ ಕಾಫಿಯಷ್ಟೇ ತೆಳ್ಳಗಿತ್ತು. ಆಶೀರ್ವಾದ ಗಂಟಲಿಳಿಯುತ್ತಿದ್ದಂತೆ ಮತ್ತೊಂದು ಅಲಾರಂ ಶುರುವಾಯಿತು.

"ಅದು ನಿಮ್ಮ ಮನೇದು," ಎಂದಳು ಆಕೆ, ಬಟ್ಟಲು ತೊಳೆಯುತ್ತ.

ಒಲೆಯ ಮೇಲಿಟ್ಟು ಬಂದಿದ್ದ ಕುಕ್ಕರಿನಲ್ಲಿ ಬೇಳೆ ಇದ್ದಿಲಾಗಿತ್ತು. ಮರುದಿನ ಆಕೆ ಒಂದು ಶವರ್ ಕ್ಯಾಪ್ ತಂದು, ಕುರ್ಚಿ ಹತ್ತಿ, ನಮ್ಮ ಅಲಾರಂ ತಲೆಗೆ ಟೋಪಿ ಹಾಕಿದಳು. "ಇನ್ನು ನೆಮ್ಮದಿಯಾಗಿ ಒಗ್ಗರಣೆ ಹಾಕು" ಎಂದಳು. ಓದುಗರು ಇದನ್ನು ಅನುಕರಿಸಬಾರದು. ಮನೆ ಓನರ್ ಬಂದ ದಿನ ಅದನ್ನು ತೆಗೆಯಲು ನಾವು ಪಟ್ಟ ಪಾಡು ನಮಗೇ ಗೊತ್ತು.

ಕಾಫಿಯ ಮಾತು ಹಾಗಿರಲಿ, ಊಟದ ಕತೆ ಕೇಳಿ. ಮೊದಲ ಸಲ ಊಟಕ್ಕೆ ಕರೆದಾಗ ನಡುವೆ ಒಂದೇ ಒಂದು ದೊಡ್ಡ ತಟ್ಟೆ ಇಟ್ಟಳು. ಅದರ ತುಂಬ ಹರಡಿದ, ಮೈಯೆಲ್ಲ ತೂತುತೂತಾದ, ಹುಳಿ ಬಂದ ದೋಸೆ. ಅವರು ಅದನ್ನು ಇಂಜೆರಾ ಎನ್ನುತ್ತಾರೆ. "ತಿರುವಿ ಹಾಕೋದು ಮರೆತಿದ್ದಾರೆ," ಎಂದು ನಮ್ಮವರು ಕನ್ನಡದಲ್ಲಿ ಪಿಸುಗುಟ್ಟಿದರು. ಅದರ ಮೇಲೆ ಬೇಳೆ, ಕಡಲೆಹಿಟ್ಟಿನ ಗೊಜ್ಜು, ಕೋಸಿನ ಪಲ್ಯ. ನಮಗೆ ಬೇರೆ ತಟ್ಟೆ ಬರಬಹುದೆಂದು ಕಾದೆ. ಬರಲಿಲ್ಲ. ಮೂವರೂ ಅದರಲ್ಲೇ ಕೈಹಾಕಬೇಕು!

ನಾನು ಬೆಳೆದ ತುಮಕೂರಿನ ಮನೆಯಲ್ಲಿ ಎಂಜಲು ಎಂಬುದು ಪೊಲೀಸ್ ಕೇಸಿಗೆ ಸಮ. ನೀರನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಬೇಕು. ಅಣ್ಣನ ತಟ್ಟೆಯಿಂದ ಹಪ್ಪಳದ ಚೂರು ಎತ್ತಿಕೊಂಡದ್ದಕ್ಕೆ ಅಜ್ಜಿ ನನ್ನನ್ನು ಬಾವಿಕಟ್ಟೆಗೆ ಕಳಿಸಿ ಕೈ ತೊಳೆಸಿದ್ದಳು. ಅಂಥವಳು ತಟ್ಟೆಯ ನನ್ನ ಮೂಲೆಯಲ್ಲಿ ಗಡಿ ಹಾಕಿಕೊಂಡು ಮೆಲ್ಲಗೆ ತಿನ್ನುತ್ತಿದ್ದೆ. ಅಷ್ಟರಲ್ಲಿ ಅಕ್ಕ ಒಂದು ದೊಡ್ಡ ತುತ್ತು ಸುತ್ತಿದಳು. ಅವಳೇ ತಿನ್ನುತ್ತಾಳೆಂದುಕೊಂಡೆ. ಆ ತುತ್ತು ತಟ್ಟೆ ದಾಟಿ, ನನ್ನ ಗಡಿ ದಾಟಿ, ನೇರವಾಗಿ ನನ್ನ ಬಾಯಿಯ ಮುಂದೆ ಬಂದು ನಿಂತಿತು!

"ಬಾಯಿ ತೆಗಿ."

"ನಾನೇ ತಿಂತೀನಿ ಅಕ್ಕ..."

"ನೀನು ತಿನ್ನೋದು ನಿನ್ನ ಹೊಟ್ಟೆಗೆ. ಇದು ಗುರ್ಶಾ. ಪ್ರೀತಿಗೆ."

ಅಜ್ಜಿಯನ್ನು ನೆನೆದು ಕಣ್ಣು ಮುಚ್ಚಿ ಬಾಯಿ ತೆಗೆದೆ. ಪುಣ್ಯಕ್ಕೆ ಒಂದೇ ತುತ್ತಿಗೆ ಮುಗಿಯಿತಲ್ಲ ಎಂದುಕೊಂಡರೆ ಇನ್ನೊಂದು ಬಂತು. ಒಂದಕ್ಕೇ ನಿಲ್ಲಿಸಿದರೆ ಜಗಳವಾಗುತ್ತದಂತೆ, ಎರಡಕ್ಕೆ ನಿಲ್ಲಿಸಿದರೆ ಅರ್ಧ ಸ್ನೇಹವಂತೆ. ಮೂರಾಗಲೇಬೇಕು. ಪಕ್ಕಕ್ಕೆ ತಿರುಗಿದರೆ ನಮ್ಮವರು ಆಗಲೇ ಗುಬ್ಬಿಮರಿಯ ಹಾಗೆ ಬಾಯಿ ತೆರೆದುಕೊಂಡು ಕೂತಿದ್ದರು. ಮದುವೆಯ ದಿನ ನಾನು ಲಾಡಿನ ಚೂರು ಬಾಯಿಗಿಡಲು ಹೋದಾಗ ನಾಚಿ ಮುಖ ತಿರುಗಿಸಿದ್ದ ಮಹಾನುಭಾವರು ಇವರೇ!

ಅಂದಿನಿಂದ ಎಲ್ಲೆಂದರಲ್ಲಿ ತುತ್ತು. ಬೀದಿಯಲ್ಲಿ ಎದುರಾದರೆ ಕೈಚೀಲದಿಂದ ಬ್ರೆಡ್ಡಿನ ತುಂಡು ಬಾಯಿಗೆ. ಒಮ್ಮೆ ಬಸ್ ಸ್ಟಾಪಿನಲ್ಲಿ ಹುರಿದ ಬಾರ್ಲಿ ತಿನ್ನಿಸುತ್ತಿದ್ದಾಗ ಕ್ಯೂನಲ್ಲಿದ್ದ ಇಂಗ್ಲಿಷ್ ಮುದುಕಿ ಗಾಬರಿಯಿಂದ, "ಅವಳಿಗೆ ಕೈ ನೋವಾ, ಪಾಪ?" ಎಂದು ಕೇಳಿದಳು. ಅಕ್ಕ ಉತ್ತರವಾಗಿ ಮುದುಕಿಯ ಬಾಯಿಗೂ ನಾಲ್ಕು ಕಾಳು ಹಾಕಿದಳು. ಅಕ್ಕ ಒಬ್ಬಳೇ ಕೂತು ಉಂಡದ್ದನ್ನು ನಾನು ನೋಡಿಯೇ ಇಲ್ಲ. "ಒಬ್ಬಳೇ ಹೇಗೆ ತಿನ್ನೋದು?" ಎಂದು ಕೇಳುತ್ತಿದ್ದಳು, ಒಂದೇ ಕಾಲಲ್ಲಿ ಹೇಗೆ ನಡೆಯೋದು ಎನ್ನುವ ಧಾಟಿಯಲ್ಲಿ.

ಇನ್ನು ಅವಳ ಉಪವಾಸ! ಬುಧವಾರ, ಶುಕ್ರವಾರ ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲು ಬೆಣ್ಣೆಯಿಲ್ಲ. ಈಸ್ಟರಿಗೆ ಮುಂಚೆ ಐವತ್ತೈದು ದಿನ ಪೂರ್ತಿ ಹಾಗೆಯೇ, ಸಾಲದ್ದಕ್ಕೆ ಮಧ್ಯಾಹ್ನ ಮೂರರವರೆಗೆ ನೀರೂ ಇಲ್ಲ. ನಾವು ಮಾಂಸ ತಿನ್ನುವುದಿಲ್ಲ ಎಂದು ಗೊತ್ತಾದಾಗ ಅವಳು ಕೇಳಿದ ಪ್ರಶ್ನೆ:

"ಯಾವ ಯಾವ ದಿನ?"

"ಯಾವ ದಿನವೂ ತಿನ್ನೋದಿಲ್ಲ ಅಕ್ಕ. ಹುಟ್ಟಿದಾಗಿನಿಂದ."

ಅಕ್ಕನ ಕಣ್ಣು ತುಂಬಿ ಬಂತು. ಹುಟ್ಟಿದಾಗಿನಿಂದ ಉಪವಾಸ ಮಾಡುತ್ತಿರುವ ದಂಪತಿ ತನ್ನ ಪಕ್ಕದ ಮನೆಗೇ ಬಂದಿದ್ದಾರೆ! ತನ್ನ ಬಳಗಕ್ಕೆಲ್ಲ ಸುದ್ದಿ ಹಬ್ಬಿಸಿದಳು. ಅವರ ಕಡೆಯವರು ಎದುರಾದರೆ ನಮ್ಮವರಿಗೆ ತಲೆಬಾಗಿ ನಮಸ್ಕರಿಸತೊಡಗಿದರು. ನಮ್ಮವರೂ ಕೈ ಎತ್ತಿ ಹರಸುವುದನ್ನು ಕಲಿತರು. ಈ ಮಹಿಮೆ ಒಂದು ತಿಂಗಳು ನಡೆಯಿತು. ಒಂದು ಶುಕ್ರವಾರ ಆಕೆ ಹಿಂಬಾಗಿಲಿನಿಂದ ಬಂದಾಗ ಯೋಗಿವರ್ಯರು ಬಿಸಿ ಅನ್ನಕ್ಕೆ ತುಪ್ಪ ಸುರಿದುಕೊಂಡು, ಪಕ್ಕದಲ್ಲಿ ಗಟ್ಟಿಮೊಸರಿಟ್ಟುಕೊಂಡು, ಗುಟ್ಟಾಗಿ ಒಂದು ಆಮ್ಲೆಟ್ಟನ್ನೂ ಮಾಡಿಕೊಂಡು ಕೂತಿದ್ದರು.

"ಇದೇನಾ ನಿಮ್ಮ ಉಪವಾಸ?" ಎಂದು ಸೊಂಟದ ಮೇಲೆ ಕೈಯಿಟ್ಟಳು ಅಕ್ಕ. ಆಮೇಲೆ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ನಾನು ನಗಲಿಲ್ಲ. ಆ ಆಮ್ಲೆಟ್ ನನಗೂ ಹೊಸ ಸುದ್ದಿಯಾಗಿತ್ತು.

ಅಕ್ಕನ ಕಡೆಯವರ ಈಸ್ಟರ್ ಇಂಗ್ಲಿಷರ ಈಸ್ಟರ್ ಮುಗಿದ ಮೇಲೆ ಬರುವುದೇ ಹೆಚ್ಚು. ಅಷ್ಟರಲ್ಲಿ ಅಂಗಡಿಯಲ್ಲಿ ಚಾಕೊಲೇಟ್ ಮೊಟ್ಟೆಗಳು ಅರ್ಧ ಬೆಲೆಗೆ ಇಳಿದಿರುತ್ತವೆ. ಅಕ್ಕ ಅವನ್ನು ತಂದು ಬೀರುವಿನ ತುಂಬ ಜೋಡಿಸಿಡುತ್ತಿದ್ದಳು. ಹಬ್ಬ ಬರುವವರೆಗೆ ದಿನಕ್ಕೊಂದು ಸಲ ಬಾಗಿಲು ತೆರೆದು ನೋಡಿ ಮುಚ್ಚುವುದು. "ನೋಡೋದಕ್ಕೆ ಉಪವಾಸ ಇಲ್ಲ," ಎನ್ನುತ್ತಿದ್ದಳು.

ಒಂದು ಭಾನುವಾರ ಅವಳ ಚರ್ಚಿಗೂ ಹೋದೆ. ಇಂಗ್ಲಿಷರ ಹಳೆಯ ಚರ್ಚೊಂದನ್ನು ಬಾಡಿಗೆಗೆ ಹಿಡಿದಿದ್ದರು. ಬಾಗಿಲಲ್ಲೇ ಚಪ್ಪಲಿ ಬಿಡಬೇಕು! ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ, ಎಲ್ಲರ ಮೈಮೇಲೂ ಬಿಳಿ ಶಾಲು. ಡೋಲು, ಧೂಪ, ತೀರ್ಥ, ಕೊನೆಗೆ ಪ್ರಸಾದದಂತೆ ಬ್ರೆಡ್ಡು. ಕಣ್ಣು ಮುಚ್ಚಿಕೊಂಡರೆ ನಮ್ಮೂರಿನ ದೇವಸ್ಥಾನದಲ್ಲೇ ಇದ್ದೆ, ಅಂಗಾಲಿಗೆ ಮಾತ್ರ ಲೀಡ್ಸಿನ ಕಲ್ಲುನೆಲ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಹೊರಗೆ ಅಂಗಳದಲ್ಲಿ ಕೆಲವರು ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದನ್ನು ಬರುವಾಗಲೇ ನೋಡಿದ್ದೆ. ಅವರೇಕೆ ಒಳಗೆ ಬರಲಿಲ್ಲ ಎಂದು ಕೇಳಿದೆ.

"ಆ ಹಸಿರು ಸ್ವೆಟರಿನವಳ ತಂಗಿಗೆ ಹೆರಿಗೆ ಆಯ್ತು. ಇವಳು ಜೊತೆಯಲ್ಲಿದ್ದಳು. ಕೆಲವು ವಾರ ಒಳಗೆ ಬರೋ ಹಾಗಿಲ್ಲ."

"ಪುರುಡು!" ಎಂದು ನಾನು ಕೂಗಿಯೇಬಿಟ್ಟೆ, ಕಳೆದುಹೋದ ನೆಂಟರು ಸಿಕ್ಕ ಹಾಗೆ. "ನಮ್ಮಲ್ಲೂ ಇದೆ ಅಕ್ಕ! ನಮ್ಮದು ಹತ್ತು ದಿನ."

"ನಮ್ಮದು ಗಂಡು ಮಗು ಆದರೆ ಕಮ್ಮಿ, ಹೆಣ್ಣಾದರೆ ಜಾಸ್ತಿ."

"ಇದ್ಯಾವ ನ್ಯಾಯ?"

"ನನ್ನನ್ನ ಕೇಳ್ತೀಯಾ? ನಾನೇನು ಬಿಷಪ್ಪಾ?" ಎಂದು ರೇಗಿದಳು. ಆಮೇಲೆ, ಈಗಿನ ಪಾದ್ರಿಗಳು ಇದನ್ನೆಲ್ಲ ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲವೆಂದೂ, ತನಗೆ ಮಾತ್ರ ತನ್ನ ಅಮ್ಮನ ಲೆಕ್ಕವೇ ಲೆಕ್ಕವೆಂದೂ ಹೇಳಿದಳು. ಅವಳು ವರ್ಷವಿಡೀ ಬದುಕುತ್ತಿದ್ದುದೇ ಈಸ್ಟರಿನ ಒಂದು ರಾತ್ರಿಗಾಗಿ. ದೀಪವೆಲ್ಲ ಆರಿದ ಚರ್ಚಿನಲ್ಲಿ ಪಾದ್ರಿಯ ಕೈಯ ಮೇಣದಬತ್ತಿಯಿಂದ ಮುಂದಿನ ಸಾಲಿನವರು ಹಚ್ಚಿಕೊಳ್ಳುತ್ತಾರೆ, ಅವರಿಂದ ಹಿಂದಿನವರು. ಅಕ್ಕ ಯಾವತ್ತೂ ಮುಂದಿನ ಸಾಲು. ಈ ದೇಶಕ್ಕೆ ಬಂದ ಮೇಲೆ ಒಂದು ಈಸ್ಟರನ್ನೂ ತಪ್ಪಿಸಿರಲಿಲ್ಲ. ಬಸ್ಸುಗಳು ನಿಂತಿದ್ದ ವರ್ಷ ನಡೆದೇ ಹೋಗಿದ್ದಳು.

ಮೂರನೆಯ ವರ್ಷ ನಾನು ಬಸುರಿಯಾದೆ. ಬಾಣಂತನಕ್ಕೆ ಅಮ್ಮ ಬರುವುದೆಂದು ಎಲ್ಲ ತಯಾರಿ ನಡೆದಿತ್ತು. ಖಾರದ ಪುಡಿ, ಅಂಟಿನುಂಡೆ, ಓಮ, ಮಗುವಿಗೆ ಹಳೆಯ ಸೀರೆಯ ಬಟ್ಟೆ, ಎಲ್ಲವೂ ಗಂಟು ಕಟ್ಟಿ ಕೂತಿದ್ದವು. ವೀಸಾ ಕೊಡಲಿಲ್ಲ. ಅಮ್ಮ ವಾಪಸ್ ಹೋಗುತ್ತಾರೆಂಬ ನಂಬಿಕೆ ವೀಸಾ ಆಫೀಸಿನವರಿಗೆ ಬರಲಿಲ್ಲವಂತೆ. ಅಮ್ಮ ಫೋನಿನಲ್ಲಿ, "ನಿಮ್ಮಪ್ಪನಿಗೆ ಬಿಸಿನೀರು ಕಾಯಿಸಿ ಕೊಡೋರು ಯಾರು ಅಂತ ಒಂದು ಮಾತು ಕೇಳಬಾರದಿತ್ತೇನೇ ಆ ಮಹಾರಾಯ? ವಾಪಸ್ ಬರ್ತೀನೋ ಇಲ್ವೋ ಗೊತ್ತಾಗ್ತಿತ್ತು!" ಎಂದಳು. ಇಬ್ಬರೂ ನಕ್ಕೆವು. ಫೋನ್ ಇಟ್ಟ ಮೇಲೆ ನಾನು ಅಡಿಗೆಮನೆಯ ನೆಲದ ಮೇಲೆ ಕೂತು ಅತ್ತೆ. ಮಗುವನ್ನು ಹೇಗೆ ಎತ್ತಿಕೊಳ್ಳಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಯವರು ಕೊಟ್ಟ ಪುಸ್ತಕದಲ್ಲಿ ಎಲ್ಲ ಇತ್ತು, ಅಮ್ಮ ಇರಲಿಲ್ಲ.

ಗೋಡೆಯಾಚೆ ಕೇಳಿಸಿರಬೇಕು. ಅಕ್ಕ ಬಂದಳು, ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತಳು. "ನಾನಿದ್ದೀನಲ್ಲ," ಎಂದಳು. "ಡಾಕ್ಟರು ಕೊಟ್ಟ ದಿನ ಈಸ್ಟರ್ ಆದ ಮೇಲೆ ತಾನೇ? ಹಬ್ಬ ಮುಗಿಸಿ ಬರ್ತೀನಿ. ಆಮೇಲೆ ಎಷ್ಟು ವಾರ ಹೊರಗಿದ್ದರೂ ನನಗೇನು!"

ಹಬ್ಬಕ್ಕೆಂದು ಅವಳ ತಂಗಿ ಅಡಿಸ್ ಅಬಾಬಾದಿಂದ ಹೊಸ ಬಿಳಿ ಉಡುಪು ಕಳಿಸಿದ್ದಳು. ಅದನ್ನು ಹಾಕಿಕೊಂಡು ಬಂದು ನನಗೆ ತೋರಿಸಿದ್ದಳು. ಎಲ್ಲ ಲೆಕ್ಕ ಸರಿಯಾಗಿಯೇ ಇತ್ತು. ಹೊಟ್ಟೆಯಲ್ಲಿದ್ದವಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಹಬ್ಬಕ್ಕೆ ವಾರವಿರುವಾಗ ನೋವು ಶುರುವಾಯಿತು. ನಮ್ಮವರು ಮ್ಯಾಂಚೆಸ್ಟರಿನ ಆಫೀಸಿನಲ್ಲಿ, ಅಂದೇ ಅವರ ಹೊಸ ಸಾಫ್ಟ್‌ವೇರ್ ಚಾಲೂ ಆಗುವ ದಿನ. ಫೋನ್ ಮಾಡಿದರೆ "ಹೊರಟೆ!" ಎಂದರು, ಹೊರಟು ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರು. ಗೋಡೆ ಬಡಿದೆ. ಉಪವಾಸದ ಒಣಗಿದ ತುಟಿಯಲ್ಲೇ ಅಕ್ಕ ಓಡಿ ಬಂದಳು.

"ಟ್ಯಾಕ್ಸಿ ಹತ್ತಿಸಿ ನೀನು ಮನೆಗೆ ಹೋಗು ಅಕ್ಕ," ಎಂದೆ. "ಜೊತೆಗೆ ಬಂದರೆ ಈಸ್ಟರಿಗೆ ಚರ್ಚಿನ ಒಳಗೆ ಹೋಗೋ ಹಾಗಿಲ್ಲ ನೀನು."

"ಮಾತಾಡಬೇಡ," ಎಂದು ಟ್ಯಾಕ್ಸಿಯಲ್ಲಿ ನನ್ನ ಪಕ್ಕಕ್ಕೆ ಕೂತಳು. "ಉಸಿರು ಬಿಡು."

ಹೆರಿಗೆ ಕೋಣೆಯ ಬಾಗಿಲಲ್ಲಿ ಮಿಡ್‌ವೈಫ್ ತಡೆದು, "ನೀವು ಯಾರು?" ಎಂದಾಗ ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ. "ಅವಳ ಅಮ್ಮ" ಎಂದಳು. ಮಿಡ್‌ವೈಫ್ ಅವಳ ಮುಖ ನೋಡಿದಳು, ನನ್ನ ಮುಖ ನೋಡಿದಳು, "ಸರಿ, ಬನ್ನಿ" ಎಂದಳು. ಸಂಜೆ ಏದುಸಿರು ಬಿಡುತ್ತ ಬಂದ ನಮ್ಮವರಿಗೆ, "ಹೆಣ್ಣು ಮಗು. ನಿಮ್ಮ ಅತ್ತೆ ಒಳಗಿದ್ದಾರೆ," ಎಂದು ಯಾರೋ ಹೇಳಿದರಂತೆ. ಹೆಣ್ಣು ಮಗು ಎಂಬುದು ಅವರ ಕಿವಿಗೆ ಬೀಳಲೇ ಇಲ್ಲ. "ಅತ್ತೆನಾ? ವೀಸಾ ಇಲ್ದೆ ಹೇಗೆ ಬಂದ್ರು?" ಎಂದು ಬಿಳಿಚಿಕೊಂಡು ನಿಂತರು. ಅಷ್ಟರಲ್ಲಿ ಒಳಗೆ ಅಕ್ಕ ನಾಲಿಗೆ ಹೊರಳಿಸಿ "ಇಲಿಲಿಲಿಲಿ" ಎಂದು ಅವರ ಪದ್ಧತಿಯಂತೆ ಸಂತೋಷದ ಕೇಕೆ ಹಾಕಿದಳು. ಮೂವರು ನರ್ಸುಗಳು ಓಡಿ ಬಂದರು.

ಮರುದಿನದಿಂದ ಬಾಣಂತನ. ಅಕ್ಕ ರಜೆ ಹಾಕಿ ನಮ್ಮ ಮನೆಯಲ್ಲೇ ಠಿಕಾಣಿ ಹೂಡಿದಳು. ತುಮಕೂರಿನಿಂದ ಅಮ್ಮ ಫೋನಿನಲ್ಲಿ ಕನ್ನಡದಲ್ಲಿ ಆಜ್ಞೆ ಕೊಡುವುದು, ಲೀಡ್ಸಿನಲ್ಲಿ ಅಕ್ಕ ಇಂಗ್ಲಿಷಿನಲ್ಲಿ "ಯೆಸ್ ಮಮ್ಮಾ" ಎನ್ನುವುದು. ನಾನು ನಡುವೆ ಅನುವಾದ ಮಾಡಲು ಹೋದರೆ ಇಬ್ಬರೂ ಬೇಡವೆಂದರು! ಅವರಿಗೆ ಆಗಲೇ ಎಲ್ಲ ತಿಳಿದಿತ್ತಂತೆ. ಕಿಟಕಿ ಮುಚ್ಚು ಎಂದರೆ ಮುಚ್ಚಿಯಾಗಿತ್ತು, ಕಿವಿಗೆ ಬಟ್ಟೆ ಕಟ್ಟು ಎಂದರೆ ಕಟ್ಟಿಯಾಗಿತ್ತು, ಸಾಂಬ್ರಾಣಿ ಹೊಗೆ ಎಂದರೆ ಅದಂತೂ ಅಕ್ಕನ ಮನೆಯಲ್ಲಿ ಸದಾ ಸಿದ್ಧ. ಅಲಾರಂ ಮತ್ತೆ ಹಾಕಿದ ಟೋಪಿಯೊಳಗೇ ಗೊಣಗಿತು. ಬಾಣಂತಿ, ಮಗುವನ್ನು ನೋಡಲು ಬಂದ ಹೆಲ್ತ್ ವಿಸಿಟರ್ ನರ್ಸ್ ಹೊಗೆಯಲ್ಲಿ ನನ್ನನ್ನು ಹುಡುಕಿ, "ಸ್ವಲ್ಪ ಗಾಳಿಯಾಡಲಿ" ಎಂದು ಕಿಟಕಿ ತೆರೆದಳು. ಇನ್ನೊಂದು ಮಾತಾಡುವುದರೊಳಗೆ ಅವಳ ಬಾಯಿಗೆ ತುತ್ತು ಬಿದ್ದಿತ್ತು.

ಆ ತುತ್ತು ಗೆನ್ಫೊ ಎಂಬುದರದು. ಬಾಣಂತಿಗೆಂದೇ ಮಾಡುವ ಬಾರ್ಲಿ ಹಿಟ್ಟಿನ ಮುದ್ದೆ. ಹೌದು, ನಮ್ಮ ಮುದ್ದೆಯೇ! ನಡುವೆ ಗುಳಿ ಮಾಡಿ ಮಸಾಲೆ ಹಾಕಿ ಕಾಯಿಸಿದ ತುಪ್ಪ ತುಂಬುತ್ತಾರೆ. ಅಕ್ಕನಿಗೆ ಉಪವಾಸ, ತುಪ್ಪದ ಕೈಯನ್ನು ನಾಲಿಗೆಗೆ ತಾಗಿಸುವಂತಿರಲಿಲ್ಲ. ಹಾಗಾಗಿ ರುಚಿ ನೋಡದೆ ಮಾಡುತ್ತಿದ್ದಳು. ಒಂದು ದಿನ ಉಪ್ಪೇ ಇಲ್ಲ, ಮರುದಿನ ಬಾಯಿಗಿಡಲಾಗದಷ್ಟು ಉಪ್ಪು. "ಉಪ್ಪು ಸರಿಯಾಗಿದೆಯಾ?" ಎಂದು ದಿನಾ ಕೇಳುತ್ತಿದ್ದಳು. "ಸರಿಯಾಗಿದೆ ಅಕ್ಕ" ಎಂದು ದಿನಾ ಹೇಳುತ್ತಿದ್ದೆ.

ಶನಿವಾರ ಸಂಜೆ ಮಗುವನ್ನು ಮಲಗಿಸಿ, ಹೊಸ ಉಡುಪು ಹಾಕಿಕೊಂಡು ಅಕ್ಕ ಹಬ್ಬಕ್ಕೆ ಹೋದಳು. ನನಗೆ ಒಳಗೊಳಗೇ ಸಮಾಧಾನವಾಯಿತು. ಪಾದ್ರಿ ಏನೋ ದಾರಿ ಮಾಡಿಕೊಟ್ಟಿರಬೇಕು ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಬಂದಳು. ಉಡುಪಿನ ಅಂಚೆಲ್ಲ ಒದ್ದೆ, ಹುಲ್ಲಿನ ಕಡ್ಡಿ ಅಂಟಿತ್ತು. ಬಿಳಿ ಶಾಲಿನ ಭುಜದ ಮೇಲೆ ಗೋಡೆಯ ಇಟ್ಟಿಗೆಯ ಕೆಂಪು ಮೆತ್ತಿತ್ತು. ನೋಡಿದ ಕೂಡಲೇ ತಿಳಿಯಿತು.

"ಒಳಗೆ ಬಿಡಲಿಲ್ವಾ ಅಕ್ಕ?"

"ಪಾದ್ರಿ ಬಾ ಅಂತಲೇ ಕರೆದರು. ನಾನೇ ಹೋಗಲಿಲ್ಲ. ನಮ್ಮಮ್ಮನ ಲೆಕ್ಕ." ಮಗುವನ್ನು ಎತ್ತಿಕೊಂಡು ಮಂಚದ ತುದಿಯಲ್ಲಿ ಕೂತಳು. "ಗೋಡೆಗೆ ಕಿವಿ ಕೊಟ್ಟು ನಿಂತರೆ ಡೋಲು ಎಷ್ಟು ಚೆನ್ನಾಗಿ ಕೇಳಿಸುತ್ತೆ ಗೊತ್ತಾ? ಮೂರು ವರ್ಷದಿಂದ ಗೋಡೆಯಾಚೆ ನಿಮ್ಮಿಬ್ಬರ ಜಗಳ ಕೇಳಿಸಿಕೊಂಡು ನನಗೆ ಅಭ್ಯಾಸ ಆಗಿಬಿಟ್ಟಿದೆ."

ನನಗೆ ನಗು ಬರಲಿಲ್ಲ. ಅವಳ ವರ್ಷದ ಒಂದೇ ಒಂದು ರಾತ್ರಿಯನ್ನು ನನ್ನ ಮಗಳಿಗೆ ಕೊಟ್ಟು ಬಂದಿದ್ದಳು, ಅದನ್ನು ನನ್ನ ಲೆಕ್ಕಕ್ಕೆ ಬರೆದೂ ಇರಲಿಲ್ಲ.

"ಉಪವಾಸ ಬಿಟ್ಟೆಯಾ? ಏನು ತಿಂದೆ?" ಎಂದೆ.

"ಎಲ್ಲರೂ ಅವರವರ ಮನೆಗೆ ಹೋದರು. ಬಾ ಅಂತ ಕರೆದರು. ಮಗು ಏಳುತ್ತೆ ಅಂತ ಬಂದುಬಿಟ್ಟೆ." ಮಗುವಿನ ಹೊದಿಕೆ ಸರಿಮಾಡುತ್ತ, "ಒಬ್ಬಳೇ ಹೇಗೆ ತಿನ್ನೋದು?" ಎಂದಳು.

ಪಕ್ಕದ ಸ್ಟೂಲಿನ ಮೇಲೆ ನಮ್ಮವರು ತಮಗೆಂದು ಕಲಸಿಟ್ಟ ಮೊಸರನ್ನವಿತ್ತು. ನನಗೆ ಅಮ್ಮ ಮೊಸರು ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದ್ದಳು. ತಟ್ಟೆ ಎಳೆದುಕೊಂಡೆ. ಐವತ್ತೈದು ದಿನ ಹಾಲಿನ ಹನಿ ಕಾಣದ ಬಾಯಿ ಅದು. ಚಿಕ್ಕಂದಿನಲ್ಲಿ ಅಮ್ಮ ನನಗೆ ಮಾಡುತ್ತಿದ್ದಂತೆ ಬೆರಳಲ್ಲಿ ನುಣ್ಣಗೆ ಮಿದ್ದು, ಉಂಡೆ ಮಾಡಿ, ಅಕ್ಕನ ಬಾಯಿಯ ಮುಂದೆ ಹಿಡಿದೆ. ಎಂಜಲಿನ ನೆನಪು ಬರಲೇ ಇಲ್ಲ.

ಅಕ್ಕ ತುತ್ತನ್ನು ನೋಡಿದಳು, ನನ್ನನ್ನು ನೋಡಿದಳು.

"ಅಂತೂ ವಾಪಸ್ ಕೊಟ್ಟೆ," ಎಂದಳು. "ಗುರ್ಶಾ ತಗೊಂಡವರು ತಿರುಗಿ ಹಾಕಬೇಕು ಕಣೇ. ಮೂರು ವರ್ಷದಿಂದ ಕಾಯ್ತಾ ಇದ್ದೀನಿ."

ಹೀಗೆಂದು ಯಾರಿಗೆ ಗೊತ್ತಿತ್ತು? ನಮ್ಮಲ್ಲಿ ಕೈತುತ್ತು ಅಮ್ಮ ಮಗುವಿಗೆ ಹಾಕುವುದು. ಅಮ್ಮನಿಗೆ ತಿರುಗಿ ಹಾಕುವ ಪದ್ಧತಿಯನ್ನು ನಾನೆಲ್ಲೂ ಕಂಡಿರಲಿಲ್ಲ. ಬಾಯಿ ತೆರೆದಳು. ಮೊದಲನೆಯ ತುತ್ತು ಹಾಕಿದೆ. ಎರಡನೆಯದಕ್ಕೆ ಅವಳ ಕಣ್ಣಲ್ಲಿ ನೀರು ಇಳಿಯಿತು, ಮಗುವಿನ ಮೇಲೆ ಬೀಳದಂತೆ ಭುಜಕ್ಕೆ ಒರೆಸಿಕೊಂಡಳು. ಮೂರನೆಯದನ್ನು ನಿಧಾನವಾಗಿ ಅಗಿದು, ನುಂಗಿ, ನನ್ನ ಕಡೆ ತಿರುಗಿದಳು.

"ಉಪ್ಪು ಕಮ್ಮಿ," ಎಂದಳು.